ಲಟಕು ಡಾಕ್ಟರು ಬಗ್ಗಿದ ದಿನ

ಎಲ್ಲ ಅನಾಹುತಕ್ಕೂ ಮೂಲ ಒಂದು ಕಾಲುಚೀಲ. ಅದೂ ಹೊಸದೇನಲ್ಲ, ಹೆಬ್ಬೆರಳಿನ ಹತ್ತಿರ ಕಿಟಕಿ ತೆರೆದುಕೊಂಡಿದ್ದ, ಎಂದೋ ನಿವೃತ್ತಿ ಕೊಡಬೇಕಾಗಿದ್ದ ಬೂದು ಬಣ್ಣದ ಕಾಲುಚೀಲ. ಮಂಚದ ಕೆಳಗೆ ಅರ್ಧ ಅವಿತುಕೊಂಡಿದ್ದ ಅದನ್ನು ಎತ್ತಿಕೊಳ್ಳಲು ಲಟಕು ಡಾಕ್ಟರು ಬಗ್ಗಿದರು. ಬಗ್ಗುವುದೇನೋ ಸಲೀಸಾಗಿ ನಡೆಯಿತು. ಏಳುವುದು ನಡೆಯಲಿಲ್ಲ. ಸೊಂಟದೊಳಗೆ ಎಲ್ಲೋ ತುಕ್ಕು ಹಿಡಿದ ಚಿಲಕವೊಂದು ತನ್ನಷ್ಟಕ್ಕೆ ಬಿದ್ದಂತಾಗಿ, ಡಾಕ್ಟರು ಅಕ್ಷರದ ಬುಡಕ್ಕೆ ಹತ್ತಿದ ಕೊಂಬಿನ ಹಾಗೆ ಡೊಂಕಾಗಿ ನಿಂತುಬಿಟ್ಟರು.

ಬೇರೆ ಯಾರಿಗಾದರೂ ಹೀಗಾಗಿದ್ದರೆ ಅದೊಂದು ನೋವು. ಇವರಿಗೆ ಆದದ್ದು ಮಾನಹಾನಿ. ಏಕೆಂದರೆ ಬೆನ್ನು ನೆಟ್ಟಗೆ ಮಾಡುವುದೇ ಇವರ ಕಸುಬು. ಚಿಕಿತ್ಸಾಲಯದ ಮುಂದಿನ ಬೋರ್ಡಿನಲ್ಲಿ ‘ಕೈರೋಪ್ರಾಕ್ಟರ್’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದರು. ಕೈಯಿಂದ ಮಾಡುವ ವೈದ್ಯ ಎಂದೇ ಅದರ ಅರ್ಥ, ಮೊದಲಕ್ಷರದಲ್ಲೇ ಕೈ ಇದೆಯಲ್ಲ ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದರು. ಬೀದಿಯವರ ನಾಲಿಗೆ ಮಾತ್ರ ಆ ಪದವನ್ನು ಹೊರಳಿಸಲು ಒಪ್ಪಲಿಲ್ಲ. ಕಿಟಕಿಯಾಚೆಗೆ ಕೇಳುತ್ತಿದ್ದ ‘ಲಟಕ್’ ಎಂಬ ಸದ್ದನ್ನೇ ಹಿಡಿದುಕೊಂಡು ಅವರು ಲಟಕು ಡಾಕ್ಟರು ಎಂದು ಕರೆದರು. ಆ ಹೆಸರೇ ಉಳಿಯಿತು.

ಅವರ ಸಿದ್ಧಾಂತ ಸರಳವಾಗಿತ್ತು. ದೇಹಕ್ಕೆ ತನ್ನದೇ ಆದ ಒಂದು ಒಳಜಾಣ್ಮೆ ಇದೆ. ಅದು ಬೆನ್ನುಹುರಿಯ ದಾರಿಯಲ್ಲಿ ಮೈಯೆಲ್ಲ ಹರಿಯುತ್ತದೆ. ಬೆನ್ನಿನ ಒಂದು ಮಣಿ ಕೂದಲೆಳೆಯಷ್ಟು ಅತ್ತಿತ್ತ ಆದರೂ ಹರಿವಿಗೆ ಅಡ್ಡಿ. ಆ ಅಡ್ಡಿಯನ್ನು ಲಟಕ್ ಎನ್ನಿಸಿ ತೆಗೆದರೆ ಸಾಕು, ಮಿಕ್ಕಿದ್ದನ್ನೆಲ್ಲ ದೇಹವೇ ನೋಡಿಕೊಳ್ಳುತ್ತದೆ. ಮಿಕ್ಕಿದ್ದು ಎಂದರೆ ನೆಗಡಿಯಿಂದ ಹಿಡಿದು ಮಕ್ಕಳ ಲೆಕ್ಕದ ಅಂಕದವರೆಗೆ ಏನು ಬೇಕಾದರೂ ಆಗಬಹುದಿತ್ತು. ಪುರಾವೆ ಕೇಳಿದವರಿಗೆ ಡಾಕ್ಟರು ಎದ್ದು ನಿಂತು, ಪಕ್ಕಕ್ಕೆ ತಿರುಗಿ, ತಮ್ಮ ಬೆನ್ನನ್ನೇ ತೋರಿಸುತ್ತಿದ್ದರು. ಹುಟ್ಟಿದಾಗಿನಿಂದ ಒಂದು ದಿನವೂ ನೋವು ಕಾಣದ ಬೆನ್ನು ಅದು, ಬಡಗಿಯ ಅಳತೆಪಟ್ಟಿಯ ಹಾಗೆ ನೆಟ್ಟಗಿತ್ತು.

ಅಂಥ ಬೆನ್ನು ಕೈಕೊಟ್ಟದ್ದು ಬೇರೆ ಯಾವ ದಿನವಾದರೂ ಆಗಬಹುದಿತ್ತು. ಆದರೆ ಆ ದಿನ ಸಂಜೆ ಬೀದಿಯ ತುದಿಯ ಗ್ರಂಥಾಲಯದಲ್ಲಿ ‘ಬನ್ನಿ, ಬೆನ್ನಿನ ಬಗ್ಗೆ ಏನು ಬೇಕಾದರೂ ಕೇಳಿ’ ಎಂಬ ಕಾರ್ಯಕ್ರಮ ಇತ್ತು. ಉತ್ತರ ಹೇಳುವವರು ಇವರೇ. ಏರ್ಪಾಡು ಮಾಡಿಸಿದವರೂ ಇವರೇ. ಅದಕ್ಕೆ ಕಾರಣವಿತ್ತು. ಎದುರು ಸಾಲಿನಲ್ಲಿ ಹೊಸದಾಗಿ ಒಬ್ಬ ಫಿಸಿಯೋಥೆರಪಿಸ್ಟ್ ಬಾಗಿಲು ತೆರೆದಿದ್ದಳು. ಆನೆಮರಿ ಗಾತ್ರದ ರಬ್ಬರ್ ಚೆಂಡುಗಳ ಮೇಲೆ ಜನರನ್ನು ಮಲಗಿಸಿ ಉರುಳಿಸುತ್ತಿದ್ದುದರಿಂದ ಅವಳಿಗೆ ಚೆಂಡಿನ ಡಾಕ್ಟ್ರಮ್ಮ ಎಂದು ಹೆಸರು ಬಿದ್ದಿತ್ತು. ಲಟಕು ಡಾಕ್ಟರ ಕಡೆಯ ಸೊಂಟಗಳು ಒಂದೊಂದಾಗಿ ರಸ್ತೆ ದಾಟತೊಡಗಿದ್ದವು. ಇಂದು ಸಂಜೆ ಆ ಸೊಂಟಗಳನ್ನೆಲ್ಲ ವಾಪಸು ಕರೆತರುವುದೆಂದು ಡಾಕ್ಟರು ನಿಶ್ಚಯ ಮಾಡಿದ್ದರು.

ಹೆಂಡತಿ ಕೆಲಸಕ್ಕೆ ಹೊರಟವಳು ಕೋಣೆಗೆ ಇಣುಕಿದಳು. ಅವಳು ವಿದ್ಯುತ್ ಕಚೇರಿಯಲ್ಲಿ ದೂರು ಕೇಳುವ ಗುಮಾಸ್ತೆ. ಹಾಗಾಗಿ ಯಾವ ದೂರಿಗೂ ಅವಳು ಗಾಬರಿಯಾಗುತ್ತಿರಲಿಲ್ಲ.

“ಏನ್ ಹುಡುಕ್ತಿದೀರಿ?”

“ಹುಡುಕ್ತಿಲ್ಲ. ಸಿಕ್ಕಿಹಾಕ್ಕೊಂಡಿದೀನಿ.”

ಅವಳು ಒಂದು ಸುತ್ತು ಬಂದು ಗಂಡನನ್ನು ಎಲ್ಲ ಕಡೆಯಿಂದ ಪರಿಶೀಲಿಸಿದಳು. ರಸ್ತೆ ದಾಟಿ ಹೋಗಿಬನ್ನಿ, ಅವಳೇನೂ ನಿಮ್ಮನ್ನು ತಿನ್ನುವುದಿಲ್ಲ ಎಂದಳು. ಡಾಕ್ಟರು ನೆಲವನ್ನೇ ನೋಡುತ್ತ, ಆ ಚೆಂಡಿನವಳ ಮೆಟ್ಟಿಲು ಹತ್ತುವುದಕ್ಕಿಂತ ಉಳಿದ ಆಯುಷ್ಯವನ್ನು ಹೀಗೇ ಕಳೆಯುತ್ತೇನೆ, ನೆಲವೇನೂ ನೋಡಲು ಕೆಟ್ಟದಾಗಿಲ್ಲ ಎಂದರು. ಹೆಂಡತಿ ಒತ್ತಾಯ ಮಾಡಲಿಲ್ಲ. ಹೇಗೂ ಅಲ್ಲೇ ಇದ್ದೀರಲ್ಲ, ಇನ್ನೊಂದು ಕಾಲುಚೀಲವನ್ನೂ ಎತ್ತಿಬಿಡಿ ಎಂದು ಹೇಳಿ ಹೊರಟುಹೋದಳು.

ಡಾಕ್ಟರಿಗೆ ತಮ್ಮ ಮೇಲೆ ಪೂರ್ತಿ ಭರವಸೆ ಇತ್ತು. ಬೀದಿಯ ಅರ್ಧ ಬೆನ್ನುಗಳನ್ನು ಸರಿಮಾಡಿದ ಕೈಗಳಿಗೆ ಇದೊಂದು ಬೆನ್ನು ಯಾವ ಲೆಕ್ಕ? ತೊಂದರೆ ಏನೆಂದರೆ ಆ ಕೈಗಳು ಎಷ್ಟೇ ಚಾಚಿದರೂ ಆ ಬೆನ್ನಿನ ಆ ಜಾಗಕ್ಕೆ ತಲುಪುತ್ತಿರಲಿಲ್ಲ. ಮಂಚದ ತುದಿಗೆ ಸೊಂಟ ಒತ್ತಿ ನೋಡಿದರು. ಬೀರುವಿನ ಹಿಡಿಗೆ ಟವೆಲ್ ಕಟ್ಟಿ ಎಳೆದು ನೋಡಿದರು. ಬೀರುವಿನ ಬಾಗಿಲು ಬಂತು. ಕೊನೆಗೆ ಬಾಗಿಲ ಚೌಕಟ್ಟಿಗೆ ಜೋತುಬೀಳುವ ಉಪಾಯ ಮಾಡಿ, ಸ್ಟೂಲಿನ ಮೇಲೆ ಹತ್ತಿ, ಅದರ ಸಮೇತ ಕೆಳಗೆ ಬಂದರು. ಬಿದ್ದಾಗಲೂ ಬಗ್ಗಿದ ಆಕಾರ ಹಾಗೇ ಇತ್ತು, ಮಗುಚಿದ ಕುರ್ಚಿಯ ಹಾಗೆ.

ಆ ಸದ್ದಿಗೆ ಪಕ್ಕದ ಮನೆಯ ಇಂಜಿನ್ ತಾತ ಓಡಿಬಂದ. ರೈಲು ಓಡಿಸಿ ನಿವೃತ್ತನಾದವನು. ಬೇರೆಯವರ ಮನೆಯ ಯಾವ ಸದ್ದೂ ಅವನ ಪಾಲಿಗೆ ಹಸಿರು ಬಾವುಟ. ಅವನು ಡಾಕ್ಟರನ್ನು ಎತ್ತಿ ನಿಲ್ಲಿಸಿ, ಅವರು ನಿಲ್ಲದಿರುವುದನ್ನು ಕಂಡು, ನಾನು ಒತ್ತುತ್ತೇನೆ, ಎಲ್ಲಿ ಎಂದು ಹೇಳು ಎಂದ. ಬೇರೆ ದಾರಿ ಕಾಣದೆ ಡಾಕ್ಟರು ಕೆಳಗಿನಿಂದ ಮೂರನೆಯ ಮಣಿ, ಅಂಗೈಯ ಬುಡದಿಂದ, ಹಗುರವಾಗಿ ಎಂದು ಪಾಠ ಹೇಳಿದರು. ಹಗುರವಾಗಿ ಎಂಬ ಪದ ತಾತನ ವೃತ್ತಿಯಲ್ಲಿ ಎಂದೂ ಬಳಕೆಯಾಗಿರಲಿಲ್ಲ. ಅವನು ಒಮ್ಮೆ ಒತ್ತಿದ. ಅಲ್ಲಿಯವರೆಗೆ ಮುಂದಕ್ಕೆ ಮಾತ್ರ ಬಗ್ಗಿದ್ದ ಡಾಕ್ಟರು ಈಗ ಎಡಕ್ಕೂ ವಾಲಿದರು.

“ನಿನ್ನ ಬೆನ್ನಿಗೇ ಹೀಗಾದ್ರೆ ಸಂಜೆ ಅಲ್ಲಿ ಏನ್ ಹೇಳ್ತೀಯಪ್ಪ?” ಎಂದ ತಾತ.

ತಾತನಿಗೆ ಗೊತ್ತಾದದ್ದು ಮಧ್ಯಾಹ್ನದೊಳಗೆ ಎಲ್ಲ ನಿಲ್ದಾಣಗಳಿಗೂ ತಲುಪುತ್ತಿತ್ತು. ಆದರೆ ಡಾಕ್ಟರ ಸೊಂಟ ಸಿಕ್ಕಿಕೊಂಡಿತ್ತೇ ಹೊರತು ಬುದ್ಧಿಯಲ್ಲ.

“ಇದು ನೋವಲ್ಲ ತಾತ. ಸಂಜೆ ಜನರಿಗೆ ಕೆಟ್ಟ ಬೆನ್ನು ಹೇಗಿರುತ್ತೆ ಅಂತ ತೋರಿಸ್ಬೇಕಲ್ಲ, ಅದರ ಅಭ್ಯಾಸ.”

ತಾತ ತಾನೂ ಬಗ್ಗಿ ಅವರ ಮುಖ ನೋಡಿದ. ಮುಖದ ಮೇಲಿನ ಬೆವರು ಕೂಡ ಅಭ್ಯಾಸದ್ದೇ ಎಂದು ಕೇಳಿದ. ಹೌದು ಎಂದಾಗ ಅವನಿಗೆ ಅಪಾರ ಗೌರವ ಹುಟ್ಟಿತು.

ಚಿಕಿತ್ಸಾಲಯ ಇದ್ದದ್ದು ಅದೇ ಬೀದಿಯಲ್ಲಿ, ನಾಲ್ಕು ಹೆಜ್ಜೆ ದೂರದಲ್ಲಿ. ಆದರೆ ಹಗಲು ಹೊತ್ತು, ಎರಡೂ ಬದಿಗೆ ಅಂಗಡಿ, ನೆಟ್ಟ ಬೆನ್ನಿಗೆ ಹೆಸರಾದ ಮನುಷ್ಯ ಹೀಗೆ ಬಗ್ಗಿ ನಡೆಯುವುದಾದರೂ ಹೇಗೆ? ಡಾಕ್ಟರು ಏನೋ ಕಳೆದುಕೊಂಡವರ ಹಾಗೆ ರಸ್ತೆಯನ್ನು ದಿಟ್ಟಿಸುತ್ತ ನಡೆದರು. ಉಪಾಯ ಚೆನ್ನಾಗಿಯೇ ಇತ್ತು. ಚಿಕಿತ್ಸಾಲಯದ ಪಕ್ಕದ ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೆ ಬಂದು ಏನು ಬಿತ್ತು ಎಂದು ಕೇಳುವವರೆಗೆ.

ಕನ್ನಡಕದ ಸ್ಕ್ರೂ ಎಂದರು ಡಾಕ್ಟರು. ಸಣ್ಣ ವಸ್ತು ಹೇಳಿದರೆ ಯಾರೂ ಹುಡುಕುವ ಗೋಜಿಗೆ ಬರುವುದಿಲ್ಲ ಎಂದು ಅವರ ಲೆಕ್ಕ. ಬೀದಿಯವರ ಒಳ್ಳೆಯತನವನ್ನು ಅವರು ಕಡಿಮೆ ಅಂದಾಜು ಮಾಡಿದ್ದರು. ಕ್ಷೌರಿಕ ಬಗ್ಗಿದ. ಅವನ ಕುರ್ಚಿಯಲ್ಲಿದ್ದ ದರ್ಜಿ ಅರ್ಧ ತಲೆ ಕತ್ತರಿಸಿಕೊಂಡು, ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡೇ ಬಂದು ಬಗ್ಗಿದ. ತರಕಾರಿಯವಳು ಬಗ್ಗಿದಳು. ಬಸ್ಸಿಗೆ ಕಾಯುತ್ತಿದ್ದವರು ಬಗ್ಗಿದರು. ಕಡೆಗೆ ಬಸ್ಸೇ ನಿಂತು, ಕಂಡಕ್ಟರ್ ಇಳಿದು ಬಗ್ಗಿದ. ಇಡೀ ಬೀದಿ ಹುಲ್ಲು ಮೇಯುವ ಮಂದೆಯ ಹಾಗೆ ನೆಲ ಮೂಸುತ್ತಿರುವಾಗ ಅದರ ನಡುವೆ ಡಾಕ್ಟರು ಯಾರ ಕಣ್ಣಿಗೂ ಬೀಳದೆ ತಮ್ಮ ಬಾಗಿಲು ಸೇರಿಕೊಂಡರು. ಆಕಸ್ಮಿಕವಾಗಿ ಸಿಕ್ಕಿದ ಈ ಗೆಲುವು ಅವರ ಧೈರ್ಯವನ್ನು ಇಮ್ಮಡಿ ಮಾಡಿತು.

ಅದರ ಫಲವೂ ಬೇಗನೆ ಬಂತು. ಅಷ್ಟು ಹೊತ್ತು ಬಗ್ಗಿ ಹುಡುಕಿದವರಲ್ಲಿ ಕೆಲವರಿಗೆ ಸೊಂಟ ಹಿಡಿದುಕೊಂಡಿತು. ಮೊದಲು ತರಕಾರಿಯವಳು ಬಂದಳು, ಆಮೇಲೆ ಕಂಡಕ್ಟರ್, ಅವನ ಹಿಂದೆಯೇ ಅರ್ಧ ತಲೆಯ ದರ್ಜಿ. ಎಷ್ಟೋ ವಾರಗಳಿಂದ ಖಾಲಿ ಹೊಡೆಯುತ್ತಿದ್ದ ಬೆಂಚು ತುಂಬಿತು. ಇನ್ನೊಂದು ಅನುಕೂಲವನ್ನೂ ಡಾಕ್ಟರು ಕಂಡುಕೊಂಡರು. ಚಿಕಿತ್ಸೆಯ ಮೇಜು ತಗ್ಗಾಗಿತ್ತು. ಅದರ ಮುಂದೆ ಯಾವ ವೈದ್ಯನಾದರೂ ಬಗ್ಗಿಯೇ ನಿಲ್ಲಬೇಕು. ಮಲಗಿದವರಿಗೆ ಕಾಣುತ್ತಿದ್ದುದು ನೆಲ ಮಾತ್ರ. ಅವರು ಎದ್ದಾಗ ಡಾಕ್ಟರು ಮೇಜಿನ ಚರ್ಮದ ಹೊದಿಕೆಯನ್ನು ಗಾಢವಾಗಿ ಪರೀಕ್ಷಿಸುತ್ತಿದ್ದರು. ಇವತ್ತು ಡಾಕ್ಟರು ಎಷ್ಟು ತಲ್ಲೀನರಾಗಿದ್ದಾರೆ ಎಂದು ತರಕಾರಿಯವಳು ಹೊರಗೆ ಹೇಳಿದ್ದು ಅವರ ಕಿವಿಗೂ ಬಿತ್ತು. ಒಂದೊಂದು ಲಟಕ್ ಎನ್ನಿಸುವಾಗಲೂ ಅವರ ಸೊಂಟದಲ್ಲಿ ಮಿಂಚು ಹೊಡೆಯುತ್ತಿತ್ತು. ಅವರ ನರಳಿಕೆಯನ್ನು ರೋಗಿಗಳು ತಮ್ಮದೇ ಎಂದು ತಿಳಿದು, ಅದು ನಿಂತಾಗ ತಮಗೇ ಗುಣವಾಯಿತೆಂದು ಎದ್ದುಹೋಗುತ್ತಿದ್ದರು.

ಸಂಜೆ ಎಲ್ಲರಿಗಿಂತ ಮುಂಚೆ ಗ್ರಂಥಾಲಯ ಸೇರಿ, ವೇದಿಕೆಯ ಮೇಜಿನ ಹಿಂದೆ ಕೂತು, ಮೊಣಕೈ ಊರಿ ಮುಂದಕ್ಕೆ ವಾಲಿದರೆ ಆಸಕ್ತಿಯಿಂದ ವಾಲಿದ ಹಾಗೆ ಕಾಣುತ್ತದೆ ಎಂದು ಅವರ ಯೋಜನೆ. ಗ್ರಂಥಪಾಲಕ ಆ ಯೋಜನೆಗೆ ಕಲ್ಲು ಹಾಕಿದ. ಅವನು ಮಕ್ಕಳ ಹತ್ತಿರವೂ, ಮನೆಯಲ್ಲೂ, ಸಂತೆಯಲ್ಲೂ ಪಿಸುಮಾತಿನಲ್ಲೇ ಮಾತಾಡುವ ಮನುಷ್ಯ. ಜನ ಸೇರಿದ ಮೇಲೆ ಡಾಕ್ಟರ ಕಿವಿಯ ಬಳಿ ಬಂದು, ಕೂತರೆ ಹಿಂದಿನವರಿಗೆ ಕಾಣುವುದಿಲ್ಲ, ನಿಂತು ಮಾತಾಡಬೇಕು ಎಂದು ಪಿಸುಗುಟ್ಟಿದ. ಹಿಂದಿನಿಂದ ಮೆಲ್ಲಗೆ ಕುರ್ಚಿಯನ್ನೂ ಎಳೆದುಕೊಂಡ.

ಡಾಕ್ಟರು ನಿಂತರು. ಮುಂದಕ್ಕೂ ಎಡಕ್ಕೂ ಬಗ್ಗಿ, ಗಾಳಿಗೆ ಮಡಚಿದ ಕೊಡೆಯಂತೆ ನಿಂತರು. ಸಭೆಯಲ್ಲಿ ಗುಜುಗುಜು ಎದ್ದಿತು. ಆಗ ಇಂಜಿನ್ ತಾತ ಎದ್ದು, ಯಾರೂ ತಪ್ಪು ತಿಳಿಯಬೇಡಿ, ಇದು ಕೆಟ್ಟ ಬೆನ್ನಿನ ಪ್ರಾತ್ಯಕ್ಷಿಕೆ, ಬೆಳಗ್ಗೆಯಿಂದ ಅಭ್ಯಾಸ ಮಾಡಿದ್ದಾರೆ, ನಾನೇ ಕಣ್ಣಾರೆ ನೋಡಿದ್ದೇನೆ ಎಂದು ಘೋಷಿಸಿದ. ಸಭೆ ಮೆಚ್ಚಿ ತಲೆದೂಗಿತು.

ಒಂದು ತಲೆ ಮಾತ್ರ ಅಲ್ಲಾಡಲಿಲ್ಲ. ಮುಂದಿನ ಸಾಲಿನಲ್ಲೇ ಚೆಂಡಿನ ಡಾಕ್ಟ್ರಮ್ಮ ಕೂತಿದ್ದಳು. ಡಾಕ್ಟರ ಕಡೆ ಮುಖ ಕೂಡ ಮಾಡದೆ, ಗಲ್ಲ ಎತ್ತಿ, ಕಿಟಕಿಯಾಚೆಯ ಗೋಡೆಯನ್ನು ನೋಡುತ್ತಿದ್ದಳು. ಈ ಮನುಷ್ಯನ ಮಾತಿಗಿಂತ ಆ ಗೋಡೆಯೇ ವಾಸಿ ಎನ್ನುವ ಧಾಟಿ. ಡಾಕ್ಟರಿಗೆ ಮೈ ಉರಿಯಿತು. ಮೈ ಉರಿದಾಗ ಅವರ ಮಾತು ಚುರುಕಾಗುತ್ತಿತ್ತು.

ಮೊದಲ ಪ್ರಶ್ನೆ ದರ್ಜಿಯದು. ಆ ಲಟಕ್ ಸದ್ದು ಮೂಳೆ ತನ್ನ ಜಾಗಕ್ಕೆ ಹೋಗಿ ಕೂರುವುದೇ ಎಂದು ಕೇಳಿದ. ಬೇರೆ ದಿನವಾಗಿದ್ದರೆ ಡಾಕ್ಟರು ಹೌದೆಂದೂ ಹೇಳದೆ ಅಲ್ಲವೆಂದೂ ಹೇಳದೆ ನಿಗೂಢವಾಗಿ ನಗುತ್ತಿದ್ದರು. ಇವತ್ತು ನಿಗೂಢವಾಗಿರಲು ಸೊಂಟದಲ್ಲಿ ತ್ರಾಣ ಇರಲಿಲ್ಲ. ಅದು ಕೀಲಿನೊಳಗಿನ ಗಾಳಿಗುಳ್ಳೆಯ ಸದ್ದು, ನೀವು ಬೆರಳು ನೆಟಿಗೆ ತೆಗೆದಾಗ ಬರುವುದೂ ಅದೇ, ಮೂಳೆ ಎಲ್ಲಿಗೂ ಹೋಗಿರುವುದಿಲ್ಲ, ಎಲ್ಲಿಂದಲೂ ಬರುವುದಿಲ್ಲ ಎಂದುಬಿಟ್ಟರು. ತರಕಾರಿಯವಳು ತನ್ನ ಮಗನ ನೆಗಡಿಗೆ ಇದು ಆಗುತ್ತದೆಯೇ ಎಂದಳು. ಇಲ್ಲ, ನೆಗಡಿ ತಾನೇ ಹೋಗುತ್ತದೆ ಎಂದರು. ಲೆಕ್ಕದ ಅಂಕಕ್ಕೆ? ಅದಕ್ಕೆ ಮೇಷ್ಟ್ರು ಬೇಕು ಎಂದರು.

ಇಂಜಿನ್ ತಾತ ಎದ್ದ. ಇಂಜಿನ್ನನ್ನು ಕಾಲಕಾಲಕ್ಕೆ ಷೆಡ್ಡಿಗೆ ಬಿಡುವ ಹಾಗೆ ಬೆನ್ನನ್ನು ನಿಮ್ಮ ಹತ್ತಿರ ಜೀವನಪೂರ್ತಿ ಬಿಡುತ್ತಲೇ ಇರಬೇಕೇ ಎಂದು ಕೇಳಿದ. ಬೇಡ ಎಂದರು ಡಾಕ್ಟರು. ಬಹಳಷ್ಟು ಸೊಂಟನೋವು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ನಾನು ಕೈ ಹಾಕಿದರೆ ಅಷ್ಟರವರೆಗೆ ಸ್ವಲ್ಪ ಹಗುರ. ಕೆಲವು ಸಲ ಬಂದೂ ಕಡಿಮೆ ಆಗದಿದ್ದರೆ ಬೇರೆಯವರನ್ನು ನೋಡಿ. ಕಾಲು ಮರಗಟ್ಟಿದರೆ ನನ್ನ ಹತ್ತಿರ ಬರಲೇಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಇಷ್ಟು ಸತ್ಯವನ್ನು ಒಟ್ಟಿಗೆ ಅವರು ಎಂದೂ ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ಅವರಿಗೇ ಆಶ್ಚರ್ಯ. ಜನ ಎದ್ದುಹೋಗುವ ಬದಲು ಕುರ್ಚಿಗಳನ್ನು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಸೊಂಟಗಳು ವಾಪಸು ಬರುತ್ತಿರುವ ಸುಳಿವು ಅವರಿಗೆ ಸಿಕ್ಕಿತು. ದನಿ ಏರಿತು.

ಅಷ್ಟರಲ್ಲಿ ಕ್ಷೌರಿಕ ಕೈಯೆತ್ತಿದ. “ದೇಹಾನೇ ತನ್ನನ್ನ ತಾನು ಸರಿ ಮಾಡ್ಕೊಳ್ಳುತ್ತೆ ಅಂತೀರಿ. ಹಾಗಾದ್ರೆ ನೀವು ಯಾಕೆ?”

ಇದು ಸಿದ್ಧಾಂತದ ಬುಡಕ್ಕೇ ಕೈಹಾಕುವ ಪ್ರಶ್ನೆ. ಡಾಕ್ಟರು ಇದಕ್ಕಾಗಿಯೇ ಕಾದಿದ್ದರು. ಒಂದು ಕೋಣೆಯ ಬಾಗಿಲಿಗೆ ಒಳಗಿನಿಂದ ಕುರ್ಚಿ ಅಡ್ಡ ಸಿಕ್ಕಿಕೊಂಡಿದೆ ಎಂದುಕೊಳ್ಳಿ, ಒಳಗಿರುವವರಿಗೆ ನಡೆಯಲು ಚೆನ್ನಾಗಿಯೇ ಬರುತ್ತದೆ, ಆದರೆ ಹೊರಗಿನಿಂದ ಒಬ್ಬ ತಳ್ಳಿದರೆ ತಾನೇ ದಾರಿಯಾಗುವುದು, ಆ ತಳ್ಳುವವನೇ ನಾನು ಎಂದರು. ಸಭೆ ಚಪ್ಪಾಳೆ ತಟ್ಟಿತು. ಕ್ಷೌರಿಕ ಕೂರಲಿಲ್ಲ.

“ಸರಿ, ತಳ್ಳೋನ ಮನೇಲೇ ಕುರ್ಚಿ ಸಿಕ್ಕಿಕೊಂಡ್ರೆ? ಊರಿಗೆಲ್ಲ ಕಟಿಂಗ್ ಮಾಡ್ತೀನಿ ನಾನು, ನನ್ನ ಕಟಿಂಗ್‌ಗೆ ಪಕ್ಕದ ಬೀದಿಗೆ ಹೋಗ್ತೀನಿ. ನೀವೆಲ್ಲಿಗೆ ಹೋಗ್ತೀರಿ?”

ಡಾಕ್ಟರು ಉತ್ತರ ಹೇಳಲು ಬಾಯಿ ತೆರೆದರು. ಅದಕ್ಕೆ ಮುಂಚೆ ಸೊಂಟವೇ ಚುಳ್ ಎಂದು ತನ್ನ ಅಭಿಪ್ರಾಯ ತಿಳಿಸಿತು. ಅವರ ಹಣೆಯ ಬೆವರು ಕಂಡ ಗ್ರಂಥಪಾಲಕ ಮುಂದೆ ಬಂದು, ನೀರು ಕುಡಿಯಲು ಸ್ವಲ್ಪ ವಿರಾಮ, ಯಾರೂ ಜಾಗ ಬಿಟ್ಟು ಏಳಬೇಡಿ, ಮೌನವಾಗಿರಿ ಎಂದು ಪಿಸುಗುಟ್ಟಿದ. ಅವನ ಓದುಗರು ಪಳಗಿದವರು. ಎಲ್ಲರೂ ಬಾಯಿ ಮುಚ್ಚಿಕೊಂಡು ಕೂತರು.

ವೇದಿಕೆಯ ಪಕ್ಕದಲ್ಲೇ ಹರಿದ ಪುಸ್ತಕಗಳಿಗೆ ರಟ್ಟು ಹಾಕುವ ಕೋಣೆ. ಡಾಕ್ಟರು ತೆವಳಿಕೊಂಡು ಅಲ್ಲಿ ಸೇರಿ, ಅಂಟಿನ ಡಬ್ಬಿಗಳ ನಡುವೆ ಮೇಜು ಹಿಡಿದು ನಿಂತರು. ಹಿಂದೆಯೇ ಬಾಗಿಲು ಸದ್ದಾಯಿತು. ಕತ್ತು ಎತ್ತಲಾಗದ ಅವರಿಗೆ ಮೊದಲು ಕಂಡದ್ದು ಬಿಳಿ ಬೂಟು. ಚೆಂಡಿನ ಡಾಕ್ಟ್ರಮ್ಮ. ಅವಳು ಬಾಗಿಲು ಹಾಕಿಕೊಂಡು, ಇಡೀ ಮೈಯನ್ನು ಒಂದೇ ಸಲಕ್ಕೆ, ಬೀರು ತಿರುಗಿಸಿದ ಹಾಗೆ, ಇವರತ್ತ ತಿರುಗಿಸಿದಳು.

“ನಗೋಕೆ ಬಂದ್ರಾ?” ಎಂದರು ಡಾಕ್ಟರು.

“ನಗೋಕೂ ಆಗ್ತಿಲ್ಲ ಸಾರ್. ನಕ್ಕರೆ ಇಲ್ಲಿಗೆ ಹಿಡಿಯುತ್ತೆ,” ಎಂದು ಅವಳು ಕತ್ತು ಮುಟ್ಟಿಕೊಂಡಳು. “ಬೆಳಗ್ಗೆಯಿಂದ ತಿರುಗಿಸೋಕೇ ಆಗ್ತಿಲ್ಲ.”

ಕಿಟಕಿಯಾಚೆಯ ಗೋಡೆಯ ಮೇಲೆ ಅವಳಿಗೆ ಅಷ್ಟು ಆಸಕ್ತಿ ಏಕೆಂದು ಡಾಕ್ಟರಿಗೆ ಆಗ ಹೊಳೆಯಿತು. ಅವಳು ತಗ್ಗಿದ ದನಿಯಲ್ಲಿ ಎಲ್ಲ ಹೇಳಿಕೊಂಡಳು. ಕತ್ತಿಗೆ ಒಳ್ಳೆಯದೆಂದು ರೋಗಿಗಳಿಗೆ ಕೊಡುವ ಹೊಸ ದಿಂಬಿನ ಮೇಲೆ ನಿನ್ನೆ ತಾನೇ ಮಲಗಿ ನೋಡಿದ್ದಳು. ಚೆಂಡು, ಪಟ್ಟಿ, ಬಿಸಿನೀರಿನ ಚೀಲ ಎಲ್ಲವೂ ಆಗಿತ್ತು. ದಿನವಿಡೀ ರೋಗಿಗಳಿಗೆ ಬೆನ್ನು ತಿರುಗಿಸಿಕೊಂಡು ವ್ಯಾಯಾಮ ಹೇಳಿಕೊಟ್ಟಿದ್ದಳು. ಪ್ರಶ್ನೆ ಕೇಳುವ ನೆಪದಲ್ಲಿ ಇವರನ್ನು ಒಂಟಿಯಾಗಿ ಹಿಡಿಯೋಣ ಎಂದು ಇಲ್ಲಿಗೆ ಬಂದಿದ್ದಳು.

“ನಿಮ್ಮದು ಪ್ರಾತ್ಯಕ್ಷಿಕೆ ಅಲ್ಲ ಅಂತ ನೀವು ನಿಂತ ಕೂಡಲೇ ಗೊತ್ತಾಯ್ತು,” ಎಂದಳು. “ಕಣ್ಣಂಚಲ್ಲಿ ಅಷ್ಟು ಕಾಣಿಸ್ತು. ಯಾವಾಗಿಂದ?”

“ಬೆಳಗ್ಗೆಯಿಂದ. ಕಾಲುಚೀಲ.”

ವೈದ್ಯರಿಗೆ ವೈದ್ಯರ ನೋವು ಅರ್ಥವಾಗಲು ಹೆಚ್ಚು ಮಾತು ಬೇಕಾಗಲಿಲ್ಲ. ಹೊರಗೆ ಒಂದು ನರಪಿಳ್ಳೆಗೂ ಗೊತ್ತಾಗಬಾರದು ಎಂದು ಇಬ್ಬರೂ ಮೊದಲು ಒಪ್ಪಂದ ಮಾಡಿಕೊಂಡರು. ಡಾಕ್ಟರು ಅವಳನ್ನು ಸ್ಟೂಲಿನ ಮೇಲೆ ಕೂರಿಸಿದರು. ಬಗ್ಗಿದ ಎತ್ತರಕ್ಕೆ ಅದು ಸರಿಯಾಗಿಯೇ ಇತ್ತು. ತಲೆಸುತ್ತು ಇದೆಯೇ, ಕೈ ಜೋಮು ಹಿಡಿಯುತ್ತದೆಯೇ, ಕಣ್ಣು ಮಂಜಾಗುತ್ತದೆಯೇ ಎಂದು ಒಂದೊಂದಾಗಿ ಕೇಳಿ, ಬೆರಳ ತುದಿಯಿಂದ ಕತ್ತನ್ನು ತಡವಿ, ಇಲ್ಲೇ ಅಲ್ಲವೇ ಎಂದರು. ಅಲ್ಲೇ ಆಗಿತ್ತು. ಅವರ ಕೈಗಳಿಗೆ ನಿಜವಾಗಿಯೂ ಕಣ್ಣಿತ್ತು. ಬಲವೇ ಹಾಕದೆ, ಒಂದಿಷ್ಟೇ ತಿರುವಿದರು. ಲಟಕ್. ಡಾಕ್ಟ್ರಮ್ಮ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಇನ್ನೊಂದು ಸಲ ಎಡಕ್ಕೆ ನೋಡಿದಳು. ಹೊಸದಾಗಿ ಫ್ಯಾನ್ ಹಾಕಿಸಿಕೊಂಡವರ ಸಂಭ್ರಮ ಅವಳಿಗೆ.

ಈಗ ಅವಳ ಸರದಿ. ನೆಲದ ಮೇಲೆ ರಟ್ಟುಗಳನ್ನು ಹಾಸಿ, ಅವರನ್ನು ಮೆಲ್ಲಗೆ ಅಂಗಾತ ಇಳಿಸಿ, ಮೀನಖಂಡಗಳನ್ನು ಸ್ಟೂಲಿನ ಮೇಲೆ ಇಡಿಸಿದಳು. ಉಸಿರು ಬಿಡಿ ಎಂದಳು. ನಾನು ಬೆಳಗ್ಗೆಯಿಂದ ಉಸಿರು ಹಿಡಿದುಕೊಂಡೇ ಇದ್ದೇನೆ ಎಂದು ಅವರು ಒಪ್ಪಿಕೊಂಡರು.

“ಒಳಜಾಣ್ಮೆ ಒಳಜಾಣ್ಮೆ ಅಂತ ಇಷ್ಟು ವರ್ಷ ಕೂಗಿದ್ದೇ ಬಂತು,” ಎಂದರು ಡಾಕ್ಟರು ಸೂರು ನೋಡುತ್ತ. “ಬೇಕಾದ ದಿನ ಅದು ರಜಾ ಹಾಕಿದೆ.”

“ಕೆಲಸ ಮಾಡಿದೆ ಸಾರ್. ಸೊಂಟಕ್ಕೆ ಪೆಟ್ಟಾಗ್ಬಾರ್ದು ಅಂತ ಸ್ನಾಯುನ ಬಿಗಿ ಹಿಡಿದಿದೆ. ನೀವು ಹೆದರ್ಕೊಂಡಷ್ಟೂ ಅದು ಬಿಡಲ್ಲ.”

ಈ ಮಾತು ಡಾಕ್ಟರಿಗೆ ಬಹಳ ಹಿಡಿಸಿತು. ತಮ್ಮ ಸಿದ್ಧಾಂತವನ್ನು ಬೇರೆಯವರ ಬಾಯಲ್ಲಿ, ಅದೂ ಇಷ್ಟು ಚೊಕ್ಕವಾಗಿ, ಅವರು ಕೇಳಿರಲಿಲ್ಲ. ಅವಳು ಒಂದೊಂದೇ ಮಂಡಿಯನ್ನು ಎದೆಯ ಕಡೆ ತಂದಳು, ಅತ್ತಿತ್ತ ತೂಗಿದಳು, ಮತ್ತೆ ಉಸಿರು ಬಿಡಿಸಿದಳು. ಒಳಗಿನ ಚಿಲಕ ಸ್ವಲ್ಪ ಸ್ವಲ್ಪವೇ ಸಡಿಲಾಯಿತು. ಹಿಡಿದು ಎಬ್ಬಿಸಿದಾಗ ಅವರು ನಿಂತರು. ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಪಾಲು ನೆಟ್ಟಗೆ, ಎಡವೂ ಇಲ್ಲ, ಬಲವೂ ಇಲ್ಲ. ಬೆಳಗ್ಗೆಯಿಂದ ಮೊದಲ ಸಲ ಅವರಿಗೆ ಮನುಷ್ಯರ ಮುಖ ನೇರವಾಗಿ ಕಾಣಿಸಿತು.

“ನನ್ನ ಸೊಂಟ ಸರಿ ಮಾಡಿದ್ದು ನೀವು ಅಂತ ಎಲ್ಲೂ ಬಾಯಿಬಿಡ್ಬೇಡಿ,” ಎಂದರು.

“ನನ್ನ ದಿಂಬಿನ ವಿಷಯ ನೀವೂ ಅಷ್ಟೇ.”

ಕೈಕುಲುಕಿ, ಮೊದಲು ಡಾಕ್ಟರು ಹೊರಗೆ ಬಂದರು. ಎದೆ ಉಬ್ಬಿತ್ತು, ಕ್ಷೌರಿಕನ ಪ್ರಶ್ನೆಗೆ ಉತ್ತರವೂ ಸಿದ್ಧವಾಗಿತ್ತು. ಪ್ರಾತ್ಯಕ್ಷಿಕೆ ಮುಗಿಯಿತು, ಇದೋ ನೋಡಿ ಸರಿಯಾದ ಬೆನ್ನು ಎಂದು ಪಕ್ಕಕ್ಕೆ ತಿರುಗಿ ನಿಲ್ಲುವುದೊಂದೇ ಬಾಕಿ. ಆದರೆ ಸಭೆಯಲ್ಲಿ ಎಲ್ಲರೂ ಅವರನ್ನೇ ವಿಚಿತ್ರವಾದ ಪ್ರೀತಿಯಿಂದ ನೋಡುತ್ತಿದ್ದರು. ತರಕಾರಿಯವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಗ್ರಂಥಪಾಲಕ ಕಿವಿಯ ಬಳಿ ಬಂದ.

“ಆ ಕೋಣೆ ಗೋಡೆ ಮೇಲಿನ ತನಕ ಇಲ್ಲ ಸಾರ್. ಬರೀ ಹಲಗೆ.”

ಡಾಕ್ಟರು ತಲೆಯೆತ್ತಿ ನೋಡಿದರು. ತಲೆ ಎತ್ತಲು ಬರುತ್ತಿತ್ತು, ಅದೇ ದುರದೃಷ್ಟ. ಹಲಗೆಯ ಗೋಡೆ ಸೂರಿಗಿಂತ ಮೊಳ ಕೆಳಗೇ ನಿಂತಿತ್ತು. ಪಳಗಿದ ಓದುಗರು ಅಷ್ಟು ಹೊತ್ತು ಕೆಮ್ಮದೆ, ಕದಲದೆ, ಕಾಲುಚೀಲದಿಂದ ದಿಂಬಿನವರೆಗೆ ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದರು.

ಡಾಕ್ಟರು ನಗೆಪಾಟಲಿಗೆ ಸಿದ್ಧರಾಗಿ ಕಣ್ಣು ಮುಚ್ಚಿದರು. ನಗೆ ಬರಲಿಲ್ಲ. ಇಂಜಿನ್ ತಾತ ಎದ್ದು ಗಂಟಲು ಸರಿಮಾಡಿಕೊಂಡು, ಇಂಥ ಪ್ರಾಮಾಣಿಕ ಕಾರ್ಯಕ್ರಮವನ್ನು ತನ್ನ ಆಯುಷ್ಯದಲ್ಲಿ ನೋಡಿಲ್ಲ ಎಂದ. ಇಬ್ಬರ ಮೇಲೂ ಈಗ ತಮಗೆ ಪೂರ್ತಿ ನಂಬಿಕೆ ಬಂದಿದೆ, ಒಬ್ಬರ ಕೆಲಸ ಇನ್ನೊಬ್ಬರೇ ಒಪ್ಪಿಕೊಂಡ ಮೇಲೆ ಬೇರೆ ಪುರಾವೆ ಏನು ಬೇಕು ಎಂದ. ಸಭೆ ಚಪ್ಪಾಳೆ ತಟ್ಟಿತು. ಡಾಕ್ಟರ ಕಣ್ಣು ತೆರೆಯಿತು. ಎದೆ ಮತ್ತೆ ಉಬ್ಬತೊಡಗಿತು.

“ಇನ್ನು ನಮಗೂ ಗೊಂದಲ ಇಲ್ಲ,” ಎಂದು ತಾತ ಮುಗಿಸಿದ. “ಸೊಂಟಕ್ಕೆ ಡಾಕ್ಟ್ರಮ್ಮ, ಕತ್ತಿಗೆ ನೀನು.”

ಅಷ್ಟು ಹೊತ್ತಿಗೆ ಡಾಕ್ಟ್ರಮ್ಮ ಹೊರಗೆ ಬಂದಿದ್ದಳು. ಅವಳ ಸುತ್ತ ಸಾಲು ಕಟ್ಟಿತು. ದರ್ಜಿ, ಕಂಡಕ್ಟರ್, ತರಕಾರಿಯವಳು, ಬಸ್ಸಿಗೆ ಕಾದು ಬಗ್ಗಿದ್ದವರೆಲ್ಲ. ಕಚೇರಿಯಿಂದ ನೇರ ಬಂದು ಹಿಂದೆ ಕೂತಿದ್ದ ಡಾಕ್ಟರ ಹೆಂಡತಿಯೂ ಎದ್ದು ಹೋಗಿ ಸಾಲಿನಲ್ಲಿ ನಿಂತಳು. ನೀನೂನಾ ಎಂದು ಅವರ ಕಣ್ಣು ಕೇಳಿತು. ದಿನವಿಡೀ ಕುರ್ಚಿಯಲ್ಲಿ ಕೂತರೆ ನೋಯುವುದು ಸೊಂಟವೇ ತಾನೇ ಎಂದಳು ಅವಳು ಸಮಾಧಾನದಿಂದ.

ಬೆನ್ನುಮೂಳೆ ಎಂಬುದು ತಲೆಬುರುಡೆಯಿಂದ ಬಾಲಮೂಳೆಯ ತುದಿಯವರೆಗೆ ಒಂದೇ, ಅದನ್ನು ಹೀಗೆ ಪಾಲು ಮಾಡುವುದು ಸಿದ್ಧಾಂತಕ್ಕೆ ವಿರುದ್ಧ ಎಂದು ಡಾಕ್ಟರು ವೇದಿಕೆಯಿಂದ ವಿವರಿಸಿದರು. ಬಹಳ ಒಳ್ಳೆಯ ವಿವರಣೆ ಎಂದು ಸಾಲಿನಲ್ಲಿದ್ದವರೆಲ್ಲ ಒಪ್ಪಿದರು. ಯಾರೂ ಸಾಲು ಬಿಡಲಿಲ್ಲ. ಡಾಕ್ಟರು ಎದೆಗುಂದುವ ಜಾತಿಯವರಲ್ಲ. ಕತ್ತು ನೋವು ಯಾರಿಗಿದೆ ಎಂದು ಗಟ್ಟಿಯಾಗಿ ಕೇಳಿದರು. ಹಿಂದಿನ ಬೆಂಚಿನಿಂದ ಮುದುಕನೊಬ್ಬ ಅನುಮಾನಿಸುತ್ತ ಕೈಯೆತ್ತಿದ. ಅವನ ಕೈಯನ್ನು ಕ್ಷೌರಿಕ ಹಿಡಿದು ಕೆಳಗಿಳಿಸಿದ. ಅಷ್ಟಕ್ಕೆಲ್ಲ ಇವರಿಗೆ ಏಕೆ ತೊಂದರೆ, ಬೆಳಗ್ಗೆ ಅಂಗಡಿಗೆ ಬನ್ನಿ, ಕಟಿಂಗ್ ಜೊತೆಗೆ ಕತ್ತನ್ನೂ ಎರಡು ಕಡೆ ತಿರುವಿ ಕಳಿಸುತ್ತೇನೆ ಎಂದ.

ಜನ ಕರಗಿದ ಮೇಲೆ ಡಾಕ್ಟ್ರಮ್ಮ ವೇದಿಕೆಯ ಹತ್ತಿರ ಬಂದಳು. ಅವಳಿಗೆ ನಿಜವಾಗಿಯೂ ಬೇಸರವಾಗಿತ್ತು. ಇನ್ನು ಮುಂದೆ ನನ್ನ ಬಳಿ ಬರುವ ಕತ್ತುಗಳನ್ನೆಲ್ಲ ನಿಮ್ಮ ಹತ್ತಿರವೇ ಕಳಿಸುತ್ತೇನೆ, ಇದು ನನ್ನ ಮಾತು ಎಂದಳು. ಡಾಕ್ಟರ ಮುಖ ಅರಳಿತು. ಸೊಂಟ ಹೋದರೆ ಹೋಗಲಿ, ಕತ್ತಿನಲ್ಲಿಯೇ ಒಂದು ಸಾಮ್ರಾಜ್ಯ ಕಟ್ಟುವ ತಾಕತ್ತು ಅವರಿಗಿತ್ತು.

“ಈಗ ಎಷ್ಟು ಜನ ಇದಾರೆ ನಿಮ್ಮ ಹತ್ರ, ಕತ್ತಿನವರು?” ಎಂದು ಕೇಳಿದರು.

ಅವಳು ಕತ್ತನ್ನು ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಸರಾಗವಾಗಿ ಹೊರಳಿಸಿದಳು.

“ಒಬ್ಬಳೇ ಇದ್ದೆ ಸಾರ್. ಅವಳನ್ನ ನೀವು ಈಗ ತಾನೇ ವಾಸಿ ಮಾಡಿಬಿಟ್ರಲ್ಲ.”